ಬ್ಲೇಜರ್ ಮತ್ತು ಹೀಲ್ಸ್, ಇಲ್ಲಾ ಟಿ-ಶರ್ಟ್ ಮತ್ತು ಸ್ನೀಕರ್ಸ್: ಕ್ಯಾಬಿನ್ ಕ್ರೂಗೆ ಯಾವುದು ಸರಿ?

ಪ್ರಶ್ನೆ: ನನಗೆ ಎರಡು ವಿಮಾನ ಕಂಪನಿಗಳಿಂದ ಕ್ಯಾಬಿನ್ ಕ್ರೂ ಕೆಲಸಕ್ಕೆ ಆಫರ್ ಬಂದಿದೆ. ಸಂಬಳ ಹೆಚ್ಚುಕಮ್ಮಿ ಒಂದೇ. ಒಂದರಲ್ಲಿ ಬ್ಲೇಜರ್, ಸ್ಕರ್ಟ್, ಸ್ಕಾರ್ಫ್, ಹೀಲ್ಸ್. ಇನ್ನೊಂದರಲ್ಲಿ ಕಾಲರ್ ಇರುವ ಟಿ-ಶರ್ಟ್, ಪ್ಯಾಂಟ್, ಸ್ನೀಕರ್ಸ್. ಎರಡನೆಯದು ಆರಾಮ ಅನ್ನಿಸುತ್ತದೆ. ಆದರೆ ಟಿ-ಶರ್ಟ್ ಹಾಕಿಕೊಂಡವರ ಮಾತನ್ನು ಪ್ರಯಾಣಿಕರು ಕೇಳುತ್ತಾರಾ ಅಂತ ಭಯ. ಸುರಕ್ಷತೆಯ ದೃಷ್ಟಿಯಿಂದ ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಭಯಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಟಿ-ಶರ್ಟ್ ಹಾಕಿದವರ ಮಾತನ್ನೂ ಜನ ಕೇಳುತ್ತಾರೆ. ಆದರೆ ಅದು ಎಂಥ ಟಿ-ಶರ್ಟ್ ಅನ್ನುವುದು ಮುಖ್ಯ. ಹೀಲ್ಸ್ ಹಾಕಿದ ಒಂದೇ ಕಾರಣಕ್ಕೆ ಮಾತ್ರ ಯಾರ ಮಾತನ್ನೂ ಯಾರೂ ಜಾಸ್ತಿ ಕೇಳುವುದಿಲ್ಲ. ಫಾರ್ಮಲ್, ಕ್ಯಾಶುವಲ್ ಎರಡನ್ನೂ ತಕ್ಕಡಿಯಲ್ಲಿ ಇಡುವ ಮೊದಲು ಯೂನಿಫಾರಂನಿಂದ ಏನು ಕೆಲಸ ಆಗಬೇಕು ಅಂತ ನೋಡೋಣ.

ಊಟ, ಕಾಫಿ ಕೊಡುವುದು ನಿಮ್ಮ ಕೆಲಸದಲ್ಲಿ ಎಲ್ಲರಿಗೂ ಕಾಣುವ ಭಾಗ. ಕಾನೂನು ನಿಮ್ಮನ್ನು ವಿಮಾನದಲ್ಲಿ ಇರಿಸಿರುವುದು ಅದಕ್ಕಲ್ಲ. ಅಮೆರಿಕದ ನಿಯಮದ ಪ್ರಕಾರ ದೊಡ್ಡ ವಿಮಾನಗಳಲ್ಲಿ ಪ್ರತಿ 50 ಸೀಟಿಗೆ ಒಬ್ಬರಂತೆ ಕ್ಯಾಬಿನ್ ಕ್ರೂ ಇರಲೇಬೇಕು. ದೊಡ್ಡ ವಿಮಾನದ ಹೊಸ ಮಾದರಿಗೆ ಒಪ್ಪಿಗೆ ಸಿಗಬೇಕಾದರೆ, ಪೂರ್ತಿ ತುಂಬಿದ ವಿಮಾನದಿಂದ ಅರ್ಧ ಬಾಗಿಲುಗಳನ್ನು ಮಾತ್ರ ಬಳಸಿ ಎಲ್ಲರೂ 90 ಸೆಕೆಂಡಿನೊಳಗೆ ಕೆಳಗಿಳಿಯಬಹುದು ಅಂತ ತೋರಿಸಬೇಕು. ಆ 90 ಸೆಕೆಂಡಿನಲ್ಲಿ ನಿಮ್ಮ ಮೈಮೇಲಿನ ಬಟ್ಟೆಗೆ ಎರಡೇ ಕೆಲಸ. ಗಾಬರಿಯಾದವರಿಗೆ ನಿಮ್ಮನ್ನು ನೋಡಿದ ಕೂಡಲೇ ‘ಇವರು ಹೇಳಿದಂತೆ ಮಾಡಬೇಕು’ ಅನ್ನಿಸಬೇಕು. ಮತ್ತೆ, ಬಟ್ಟೆ ನಿಮ್ಮ ಕೈಕಾಲಿಗೆ ಅಡ್ಡ ಬರಬಾರದು. ಮೊದಲನೆಯದನ್ನು ಫಾರ್ಮಲ್ ಬಟ್ಟೆ ಸಾಮಾನ್ಯವಾಗಿ ಚೆನ್ನಾಗಿ ಮಾಡುತ್ತದೆ, ಎರಡನೆಯದರಲ್ಲಿ ಎಡವುತ್ತದೆ. ಕ್ಯಾಶುವಲ್ ಬಟ್ಟೆಯ ಕಥೆ ಉಲ್ಟಾ.

ಜನ ಯಾರ ಮಾತು ಕೇಳುತ್ತಾರೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗವಿದೆ. ಲಿಯೊನಾರ್ಡ್ ಬಿಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ್ದು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದವರನ್ನು ನಿಲ್ಲಿಸಿ, ‘ಆ ಚೀಲ ಎತ್ತಿ’, ‘ಆ ಮನುಷ್ಯನಿಗೆ ಪಾರ್ಕಿಂಗ್ ಮೀಟರಿಗೆ ಚಿಲ್ಲರೆ ಕೊಡಿ’ ಅಂತೆಲ್ಲ ಹೇಳಲಾಯಿತು. ಹೇಳಿದವರು ಮೂರು ಥರದ ಬಟ್ಟೆಯಲ್ಲಿದ್ದರು: ಕೋಟು ಮತ್ತು ಟೈ, ಹಾಲು ಹಾಕುವವರ ಯೂನಿಫಾರಂ, ಗಾರ್ಡ್ ಯೂನಿಫಾರಂ. ಜನ ಹೆಚ್ಚು ಮಾತು ಕೇಳಿದ್ದು ಗಾರ್ಡ್ ಯೂನಿಫಾರಂನಲ್ಲಿ ಇದ್ದವರದ್ದು. ಗಮನಿಸಿ, ಕೋಟು-ಟೈ ಅಂದರೆ ಫಾರ್ಮಲ್ಲೇ ಅಲ್ವಾ? ಆದರೂ ಅದು ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. ಹಾಲಿನವರದ್ದೂ ಯೂನಿಫಾರಮ್ಮೇ, ಅದೂ ಸಾಲಲಿಲ್ಲ. ‘ಈ ಜಾಗದಲ್ಲಿ ಜವಾಬ್ದಾರಿ ಇವರದ್ದು’ ಅಂತ ಹೇಳುವ ಗುರುತು ಬೇಕಾಗಿತ್ತು.

ಇದನ್ನು ವಿಮಾನಕ್ಕೆ ತನ್ನಿ. 2003ರಿಂದ 2006ರವರೆಗೆ ಅಮೆರಿಕದಲ್ಲಿ ಹೂಟರ್ಸ್ ಏರ್ ಎಂಬ ಕಂಪನಿ ಹಾರಾಡಿತು. ರೆಸ್ಟೋರೆಂಟ್ ಸರಣಿಯೊಂದರ ಹೆಸರಿನ ವಿಮಾನ ಸೇವೆ ಅದು. ಪ್ರತಿ ವಿಮಾನದಲ್ಲೂ ಆ ರೆಸ್ಟೋರೆಂಟಿನ ಕಿತ್ತಳೆ ಬಣ್ಣದ ಶಾರ್ಟ್ಸ್ ತೊಟ್ಟ ಹುಡುಗಿಯರು ಇರುತ್ತಿದ್ದರು. ಆದರೆ ಬಾಗಿಲು, ಬೆಲ್ಟು, ಸುರಕ್ಷತೆ ಅವರ ಕೈಯಲ್ಲಿ ಇರಲಿಲ್ಲ. ಅದಕ್ಕೆ ತರಬೇತಿ ಪಡೆದ ಕ್ಯಾಬಿನ್ ಕ್ರೂ ಬೇರೆ ಇದ್ದರು, ಅವರು ಮಾಮೂಲಿ ಯೂನಿಫಾರಂನಲ್ಲೇ ಇದ್ದರು. ಅಷ್ಟೊಂದು ಸಡಿಲವಾಗಿ ಪ್ರಚಾರ ಮಾಡಿಕೊಂಡ ಕಂಪನಿಯಲ್ಲೂ ಸುರಕ್ಷತೆ ನೋಡಿಕೊಳ್ಳುವವರ ಬಟ್ಟೆ ಬೇರೆಯಾಗಿಯೇ ಉಳಿಯಿತು. ನನಗೆ ಇದು ತುಂಬಾ ಹೇಳುತ್ತದೆ.

ಈಗ ಒಂದು ಕೆಲಸ ಮಾಡಿ. ವಿಮಾನದ ಮಧ್ಯದ ಸೀಟಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಎಲ್ಲರೂ ಎದ್ದು ನಿಂತಿದ್ದಾರೆ, ದಾರಿ ತುಂಬಿದೆ, ದೀಪ ಮಂಕಾಗಿದೆ. ಬಾಗಿಲ ಹತ್ತಿರ ನಿಂತ ಕ್ರೂನಲ್ಲಿ ನಿಮಗೆ ಏನು ಕಾಣುತ್ತದೆ? ತಲೆ, ಕುತ್ತಿಗೆ, ಭುಜ, ಮೇಲೆತ್ತಿದ ಕೈ. ಅಷ್ಟೇ. ಸೊಂಟದಿಂದ ಕೆಳಗೆ ಏನು ಹಾಕಿದ್ದಾರೆ ಅನ್ನುವುದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಗುರುತೆಲ್ಲ ಎದೆಯಿಂದ ಮೇಲಿರಬೇಕು: ಎದ್ದು ಕಾಣುವ ಬಣ್ಣ, ಕಾಲರಿನ ಆಕಾರ, ಸ್ಕಾರ್ಫ್, ಭುಜದ ಪಟ್ಟಿ. ಆರಾಮ ಸೊಂಟದಿಂದ ಕೆಳಗಿರಬೇಕು. ನನ್ನ ಅಭಿಪ್ರಾಯ ಇಷ್ಟೇ: ಮೇಲೆ ಫಾರ್ಮಲ್, ಕೆಳಗೆ ಕ್ಯಾಶುವಲ್. ನಿಮ್ಮ ಎರಡೂ ಆಫರ್‌ಗಳನ್ನು ಇದರ ಮೇಲೆ ಅಳೆಯಿರಿ.

ಟಿ-ಶರ್ಟಿನ ನಿಜವಾದ ತೊಂದರೆ ಇಲ್ಲಿದೆ. ಅದು ಕ್ಯಾಶುವಲ್ ಅನ್ನುವುದು ತೊಂದರೆ ಅಲ್ಲ, ಪ್ರಯಾಣಿಕರೂ ಅದನ್ನೇ ಹಾಕಿರುತ್ತಾರೆ ಅನ್ನುವುದು ತೊಂದರೆ. ಕಡುನೀಲಿ ಟಿ-ಶರ್ಟ್, ಎದೆ ಮೇಲೆ ಬೆರಳಗಲದ ಲೋಗೋ ಅಂದರೆ ಮೂರು ಸಾಲು ಹಿಂದಿನಿಂದ ಅದು ಯಾರ ಟಿ-ಶರ್ಟ್ ಬೇಕಾದರೂ ಆಗಬಹುದು. ಅದೇ ಟಿ-ಶರ್ಟ್ ಬೇರೆ ಯಾರೂ ಹಾಕದ ಗಾಢ ಬಣ್ಣದಲ್ಲಿದ್ದು, ಕಾಲರಿಗೆ ಬೇರೆ ಬಣ್ಣದ ಅಂಚಿದ್ದು, ಬೆನ್ನ ಮೇಲೂ ಗುರುತಿದ್ದರೆ ಪರವಾಗಿಲ್ಲ. ಬೆನ್ನು ಯಾಕೆ ಅಂದರೆ, ಅರ್ಧ ಹೊತ್ತು ನೀವು ಬಾಗಿಲ ಕಡೆ ತಿರುಗಿರುತ್ತೀರಿ. ಇನ್ನೊಂದು, ಹತ್ತಿ ಟಿ-ಶರ್ಟ್ ಒಗೆದ ಹಾಗೆಲ್ಲ ಬಣ್ಣ ಬಿಡುತ್ತದೆ, ಕಾಲರ್ ಮುದುಡುತ್ತದೆ. ಒಂದೇ ವಿಮಾನದ ನಾಲ್ಕು ಜನರಲ್ಲಿ ನಾಲ್ಕು ಥರದ ನೀಲಿ ಕಂಡರೆ ಅದು ಯೂನಿಫಾರಂ ಅನ್ನಿಸುವುದೇ ಇಲ್ಲ. ವರ್ಷಕ್ಕೆ ಎಷ್ಟು ಜೊತೆ ಕೊಡುತ್ತೀರಿ ಅಂತ ಎರಡನೇ ಕಂಪನಿಯನ್ನು ಕೇಳಿ.

ಇನ್ನು ಕಾಲಿನ ವಿಷಯ. ಇದರಲ್ಲಿ ನನಗೆ ಅನುಮಾನವೇ ಇಲ್ಲ, ಹೀಲ್ಸ್ ಬೇಡ.

ವಿಮಾನ ಎತ್ತರದಲ್ಲಿ ಒಂದೇ ಮಟ್ಟದಲ್ಲಿ ಹಾರುವಾಗ ಮೂಗು ಎರಡು-ಮೂರು ಡಿಗ್ರಿಯಷ್ಟು ಎತ್ತಿರುತ್ತದೆ. ಕೂತವರಿಗೆ ಅದು ಗೊತ್ತಾಗುವುದಿಲ್ಲ. ತುಂಬಿದ ಟ್ರಾಲಿಯನ್ನು ಹಿಂದಿನಿಂದ ಮುಂದಕ್ಕೆ ತಳ್ಳುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಟ್ರಾಲಿ 80 ಕಿಲೋ ದಾಟುವುದು ಮಾಮೂಲಿ, ಜೊತೆಗೆ ಏರುದಾರಿ ಬೇರೆ. ಕ್ಯಾಬಿನ್ನಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿ ಇರುವಷ್ಟು. ಗಂಟೆಗಟ್ಟಲೆ ನಿಂತರೆ ಪಾದ ಊದಿಕೊಳ್ಳುತ್ತದೆ, ಬೆಳಿಗ್ಗೆ ಸರಿಯಾಗಿದ್ದ ಶೂ ಸಂಜೆಗೆ ಬಿಗಿ. ಇದಕ್ಕೇ ಎಷ್ಟೋ ಕಂಪನಿಗಳು ನಿಲ್ದಾಣದಲ್ಲಿ ನಡೆಯುವಾಗ ಹೀಲ್ಸ್, ಒಳಗೆ ಚಪ್ಪಟೆ ಶೂ ಅಂತ ನಿಯಮ ಮಾಡಿಕೊಂಡಿವೆ. ಕೇಳಲು ಚೆನ್ನಾಗಿದೆ. ಆದರೆ ಶೂ ಬದಲಿಸುವುದು ಯಾವಾಗ ಅಂತ ಕೇಳಿ. ಟೇಕಾಫ್ ಆದ ಮೊದಲ 3 ನಿಮಿಷ, ಇಳಿಯುವ ಮುಂಚಿನ 8 ನಿಮಿಷ ಅತಿ ಅಪಾಯದ ಹೊತ್ತು ಅಂತ ನಮ್ಮ ತರಬೇತಿಯಲ್ಲಿ ಮೊದಲ ವಾರವೇ ಕಲಿಸುತ್ತೇವೆ. ಬಾಗಿಲಲ್ಲಿ ನಿಂತು ಬೀಳ್ಕೊಡಬೇಕು ಅಂತ ಲ್ಯಾಂಡಿಂಗ್‌ಗೆ ಮುಂಚೆಯೇ ಹೀಲ್ಸ್ ಹಾಕಿಸಿದರೆ, ಬೇಡವಾದ ಹೊತ್ತಿನಲ್ಲೇ ಬೇಡವಾದ ಶೂ ಕಾಲಲ್ಲಿರುತ್ತದೆ. ಹೀಲ್ಸ್ ಬಿಚ್ಚಿಟ್ಟು ತುರ್ತು ಸ್ಲೈಡಿನಲ್ಲಿ (ಬಾಗಿಲಿನಿಂದ ನೆಲಕ್ಕೆ ಉಬ್ಬಿ ನಿಲ್ಲುವ ಜಾರುಬಂಡೆ) ಜಾರಿ ಅಂತ ಪ್ರಯಾಣಿಕರಿಗೆ ಹೇಳುವವರು ನೀವು. ಚೂಪಾದ ಹಿಮ್ಮಡಿ ಸ್ಲೈಡನ್ನು ಹರಿಯಬಹುದು ಅನ್ನುವ ಕಾರಣಕ್ಕೆ. ಅದೇ ಮಾತು ನಿಮಗೂ ಅನ್ವಯಿಸಬೇಕಲ್ಲ?

ಸಿಂಗಪುರ ಏರ್‌ಲೈನ್ಸ್ ಉದಾಹರಣೆ ನೋಡಿ. ಅವರ ಸರೋಂಗ್ ಕೆಬಾಯ (ಬಿಗಿ ರವಿಕೆ, ಉದ್ದ ಲುಂಗಿಯಂಥ ಉಡುಪು) ಜಗತ್ತಿನಲ್ಲೇ ಅತಿ ಹೆಚ್ಚು ಗುರುತಿಸುವ ಯೂನಿಫಾರಂಗಳಲ್ಲಿ ಒಂದು. 1968ರಲ್ಲಿ ಫ್ರಾನ್ಸಿನ ವಿನ್ಯಾಸಕಾರ ಪಿಯೆರ್ ಬಾಲ್‌ಮ್ಯಾನ್ ರೂಪಿಸಿದ್ದು, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಬಣ್ಣ ನೋಡಿಯೇ ಹುದ್ದೆ ಹೇಳಬಹುದು. ನೀಲಿ ಆರಂಭದ ಹಂತ, ನಂತರ ಹಸಿರು, ಅದರ ಮೇಲೆ ಕೆಂಪು. ಗುರುತಿನ ವಿಷಯದಲ್ಲಿ ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ 2000ದ ಅಕ್ಟೋಬರ್ 31ರಂದು ತೈಪೆಯಲ್ಲಿ ಅವರ ವಿಮಾನ ತಪ್ಪು ರನ್‌ವೇಯಲ್ಲಿ ಓಡಿ ಕಟ್ಟಡದ ಸಾಮಗ್ರಿ, ಯಂತ್ರಗಳಿಗೆ ಗುದ್ದಿ ಒಡೆಯಿತು. 83 ಜನ ಸತ್ತರು. ಆ ದುರಂತದ ನಂತರ ಕಂಪನಿ ಬಟ್ಟೆಯನ್ನು ಮುಟ್ಟಲಿಲ್ಲ, ಪಾದರಕ್ಷೆಯನ್ನು ಬದಲಿಸಿತು. ಟೇಕಾಫ್, ಲ್ಯಾಂಡಿಂಗ್ ವೇಳೆ ಕಾಲಿನಿಂದ ಕಳಚಿಹೋಗದ ಪಾದರಕ್ಷೆ ಬಂತು. ನಾನು ಮೇಲೆ ಹೇಳಿದ್ದನ್ನೇ ಅವರು ಕಷ್ಟದ ದಾರಿಯಲ್ಲಿ ಕಂಡುಕೊಂಡರು.

ಸ್ನೀಕರ್ಸ್ ಈಗ ಹೊಸ ಮಾತಲ್ಲ. ಉಕ್ರೇನಿನ ಸ್ಕೈಅಪ್ 2021ರಲ್ಲಿ ಹೀಲ್ಸ್ ಮತ್ತು ಬಿಗಿ ಸ್ಕರ್ಟ್ ತೆಗೆದು, ಕಿತ್ತಳೆ ಬಣ್ಣದ ಸಡಿಲ ಪ್ಯಾಂಟ್-ಸೂಟ್, ಬಿಳಿ ಸ್ನೀಕರ್ಸ್ ತಂದಿತು. ಹೀಲ್ಸ್ ಮತ್ತು ಬಿಗಿ ಬಟ್ಟೆಯಿಂದ ಸಾಕಾಗಿದೆ ಅಂತ ಅವರ ಸಿಬ್ಬಂದಿಯೇ ಹೇಳಿದ ಮೇಲೆ ಮಾಡಿದ ಬದಲಾವಣೆ ಅದು. ಆ ಬ್ಲೇಜರಿನ ಕಿತ್ತಳೆ ಬಣ್ಣ ನೋಡಿ, ಎಷ್ಟು ದೂರದಿಂದಲಾದರೂ ಗೊತ್ತಾಗುತ್ತದೆ. 2022ರಲ್ಲಿ ಶುರುವಾದ ಆಕಾಸ ಏರ್ ಕೂಡ ಪ್ಯಾಂಟ್, ಜಾಕೆಟ್, ಸ್ನೀಕರ್ಸ್ ಜೊತೆಗೇ ಬಂತು. ಜಪಾನ್ ಏರ್‌ಲೈನ್ಸ್ 2020ರ ಏಪ್ರಿಲ್‌ನಲ್ಲಿ ಮಹಿಳಾ ಕ್ರೂಗೆ ಪ್ಯಾಂಟ್ ಆಯ್ಕೆ ಕೊಟ್ಟು, ಹೀಲ್ಸ್ ಕಡ್ಡಾಯ ಅನ್ನುವುದನ್ನು ಕೈಬಿಟ್ಟಿತು. ಅದೇ ಕಂಪನಿಯ ವಿಮಾನ 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇನ್ನೊಂದು ವಿಮಾನಕ್ಕೆ ಗುದ್ದಿ ಉರಿಯಿತು. ಎಂಟು ಬಾಗಿಲುಗಳಲ್ಲಿ ಮೂರನ್ನು ಮಾತ್ರ ಬಳಸಲು ಆಯಿತು. ಒಳಗಿನ ಮೈಕ್ ಕೆಟ್ಟಿತ್ತು, ಕ್ರೂ ಮೆಗಾಫೋನ್ ಹಿಡಿದು, ಗಂಟಲು ಹರಿಯುವಂತೆ ಕೂಗಿ ಜನರನ್ನು ನಡೆಸಿದರು. ವಿಮಾನದಲ್ಲಿದ್ದ 379 ಜನರೂ ಹೊರಗೆ ಬಂದರು. ಪ್ರಯಾಣಿಕರು ಮಾತು ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸ್ಕರ್ಟ್ ವಿಷಯದಲ್ಲಿ ಸ್ವಲ್ಪ ನ್ಯಾಯವಾಗಿ ಮಾತಾಡಬೇಕು. ಕೊರಿಯಾದ ಏಷಿಯಾನಾ ಕಂಪನಿಯಲ್ಲಿ 2013ರವರೆಗೂ ಮಹಿಳೆಯರಿಗೆ ಸ್ಕರ್ಟೇ ನಿಯಮ. ಅಲ್ಲಿನ ಮಾನವ ಹಕ್ಕು ಆಯೋಗ ಹೇಳಿದ ಮೇಲೆ ಪ್ಯಾಂಟಿಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಜುಲೈ 6ರಂದು ಅವರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವಾಗ ರನ್‌ವೇ ಅಂಚಿನ ಗೋಡೆಗೆ ತಾಗಿ ಮುರಿದುಬಿತ್ತು. ಎರಡು ಸ್ಲೈಡುಗಳು ಕ್ಯಾಬಿನ್ ಒಳಗೇ ಉಬ್ಬಿ ಕ್ರೂ ಸಿಕ್ಕಿಹಾಕಿಕೊಂಡರು. ಅಷ್ಟಾದರೂ 307 ಜನರಲ್ಲಿ 304 ಜನ ಬದುಕಿದರು. ಸ್ಕರ್ಟ್ ಹಾಕಿದ್ದ ಕ್ರೂ ಜನರನ್ನು ಹೊತ್ತು, ಎಳೆದು ಹೊರಗೆ ತಂದರು ಅಂತ ಆಗ ಸುದ್ದಿಯಾಯಿತು. ಅಂದರೆ ತರಬೇತಿ ಮತ್ತು ಧೈರ್ಯ ಬಟ್ಟೆಗಿಂತ ದೊಡ್ಡದು, ಒಪ್ಪುತ್ತೇನೆ. ಆದರೆ ಅಂಥವರಿಗೆ ಕಾಲು ಅಗಲಿಸಲು ಬಿಡದ ಬಟ್ಟೆ ಕೊಡುವುದು ಯಾವ ನ್ಯಾಯ? ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೊಸದಾಗಿ ಸೇರಿದ ಮಹಿಳಾ ಕ್ರೂಗೆ ಪ್ಯಾಂಟ್ ಹಕ್ಕು ಸಿಕ್ಕಿದ್ದು 2016ರಲ್ಲಿ, ಅದೂ ಯೂನಿಯನ್ ಹೋರಾಡಿದ ಮೇಲೆ. ಸ್ಕರ್ಟ್ ಇಷ್ಟಪಡುವವರು ಹಾಕಿಕೊಳ್ಳಲಿ, ಮೊಣಕಾಲ ಹತ್ತಿರ ಸೀಳು ಅಥವಾ ನೆರಿಗೆ ಇರಲಿ. ಆಯ್ಕೆ ಮಾತ್ರ ಅವರದ್ದಾಗಿರಬೇಕು.

‘ಕ್ಯಾಶುವಲ್ ಅಂದರೆ ಸಿಬ್ಬಂದಿಗೆ ಆರಾಮ’ ಅಂತ ಸುಮ್ನೆ ನಂಬಬೇಡಿ. ಯಾರ ಆರಾಮಕ್ಕೆ ಅಂತ ಕೇಳಿ. 1930ರಲ್ಲಿ ಅಮೆರಿಕದಲ್ಲಿ ಎಲೆನ್ ಚರ್ಚ್ ಮತ್ತು ಅವರ ಜೊತೆಗಾರ್ತಿಯರು ಹೆಂಗಸರಲ್ಲಿ ಮೊದಲಿಗರಾಗಿ ಈ ಕೆಲಸಕ್ಕೆ ಬಂದಾಗ ಎಲ್ಲರೂ ನರ್ಸ್‌ಗಳು. ಉಣ್ಣೆಯ ಹಸಿರು ಸೂಟು, ಮೇಲೊಂದು ಕೇಪ್. ‘ನಮ್ಮ ಕೈಯಲ್ಲಿ ನೀವು ಕ್ಷೇಮ’ ಅಂತ ಆ ಬಟ್ಟೆ ಹೇಳುತ್ತಿತ್ತು. 1971ರಲ್ಲಿ ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿ ಶುರುವಾದಾಗ ತೊಡಿಸಿದ್ದು ಹಾಟ್ ಪ್ಯಾಂಟ್ಸ್ (ತೀರಾ ಗಿಡ್ಡ ಶಾರ್ಟ್ಸ್) ಮತ್ತು ಉದ್ದ ಬೂಟು. ನೋಡಲು ಕ್ಯಾಶುವಲ್ಲೇ. ಆದರೆ ಅದು ಹಾಕಿಕೊಂಡವರ ಅನುಕೂಲಕ್ಕಲ್ಲ, ನೋಡುವವರ ಕಣ್ಣಿಗೆ. ಆ ಕಂಪನಿ ಗಂಡಸರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹೆಣ್ಣಿನ ಆಕರ್ಷಣೆಯೇ ನಮ್ಮ ವ್ಯಾಪಾರದ ಗುರುತು ಅಂತ ವಾದ ಮಾಡಿತು. 1981ರಲ್ಲಿ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಮುಂದೆ ಅದೇ ಕಂಪನಿಯಲ್ಲಿ ಗಂಡಸರು, ಹೆಂಗಸರು ಇಬ್ಬರೂ ಕಾಲರ್ ಟಿ-ಶರ್ಟ್, ಮೊಣಕಾಲಿನವರೆಗಿನ ಶಾರ್ಟ್ಸ್, ಸ್ನೀಕರ್ಸ್ ಹಾಕಿಕೊಂಡು ಕೆಲಸ ಮಾಡಿದರು. ಎರಡೂ ಚಿಕ್ಕ ಬಟ್ಟೆಯೇ. ಆದರೆ ಒಂದು ತೋರಿಕೆಗೆ, ಇನ್ನೊಂದು ಓಡಾಟಕ್ಕೆ. ನಿಮ್ಮ ಎರಡನೇ ಕಂಪನಿಯ ಪ್ಯಾಂಟ್ ಕೈಗೆ ಸಿಕ್ಕಾಗ ಇದು ನೆನಪಿರಲಿ. ಮೈಗೆ ಅಂಟುವ ಸ್ಟ್ರೆಚ್ ಪ್ಯಾಂಟ್ ಕೊಟ್ಟು ಅದನ್ನು ಆರಾಮ ಅಂತ ಕರೆಯುವವರೂ ಇದ್ದಾರೆ.

ಸ್ಟ್ರೆಚ್ ಅಂದಾಗ ಬಟ್ಟೆಯ ಮಾತು ಬರುತ್ತದೆ. ಇಲ್ಲಿ ಫಾರ್ಮಲ್ ಕಡೆ ಒಂದು ಅಂಕ ಜಾಸ್ತಿ. ಒಳ್ಳೆಯ ಸೂಟಿನಲ್ಲಿ ಉಣ್ಣೆಯ ಪಾಲು ಹೆಚ್ಚಿರುತ್ತದೆ. ಉಣ್ಣೆಗೆ ಬೇಗ ಬೆಂಕಿ ಹತ್ತುವುದಿಲ್ಲ, ಹತ್ತಿದರೂ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಕ್ರೀಡಾ ಬಟ್ಟೆಯ ಥರದ ಟಿ-ಶರ್ಟುಗಳು ಬಹುತೇಕ ಪಾಲಿಯೆಸ್ಟರ್. ಅದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಬೆಂಕಿಯ ಹತ್ತಿರ ಮೈಮೇಲೇ ಕರಗಬಹುದು. ನೈಲಾನ್ ಸ್ಟಾಕಿಂಗ್ಸ್ ಕಥೆಯೂ ಅದೇ. ಹಾಗಾಗಿ ‘ಫಾರ್ಮಲ್ ಆಫರ್’ ಸ್ಕರ್ಟ್ ಜೊತೆ ನೈಲಾನ್ ಸ್ಟಾಕಿಂಗ್ಸ್ ಕಡ್ಡಾಯ ಮಾಡಿದ್ದರೆ ಆ ಒಂದು ಅಂಕವೂ ಹೋಯಿತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಸುಕ್ಕಾಗದ, ಕಲೆ ಹಿಡಿಯದ ಬಟ್ಟೆಗೆ ರಾಸಾಯನಿಕ ಲೇಪ ಹಾಕಿರುತ್ತಾರೆ. ಅಲಾಸ್ಕಾ ಏರ್‌ಲೈನ್ಸ್ 2011ರಲ್ಲಿ ಹೊಸ ಯೂನಿಫಾರಂ ಕೊಟ್ಟ ಮೇಲೆ ಕ್ರೂನಲ್ಲಿ ತುರಿಕೆ, ಗಂಟಲು ನೋವು, ಉಸಿರಾಟದ ತೊಂದರೆಯ ದೂರು ಹೆಚ್ಚಿದವು. ಹಾರ್ವರ್ಡ್ ಸಂಶೋಧಕರು ಹೊಸ ಬಟ್ಟೆಗೆ ಮುಂಚಿನ ಮತ್ತು ನಂತರದ ಆರೋಗ್ಯದ ಮಾಹಿತಿಯನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಹೊಸ ಬಟ್ಟೆಯ ನಂತರ ತೊಂದರೆ ಹೆಚ್ಚಿದ್ದು ಅದರಲ್ಲಿ ಕಂಡಿತು. ಅಮೆರಿಕನ್ ಏರ್‌ಲೈನ್ಸ್ 2016ರಲ್ಲಿ, ಡೆಲ್ಟಾ 2018ರಲ್ಲಿ ಯೂನಿಫಾರಂ ಬದಲಿಸಿದಾಗಲೂ ಇಂಥ ದೂರುಗಳು ಬಂದವು. ಬಟ್ಟೆಯ ಒಳಪಟ್ಟಿಯಲ್ಲಿ ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಅನ್ನುವ ಗುರುತು ಇದೆಯಾ ನೋಡಿ. ಹಾನಿಕಾರಕ ರಾಸಾಯನಿಕಕ್ಕಾಗಿ ಪರೀಕ್ಷೆ ಆಗಿದೆ ಅಂತ ಅದರ ಅರ್ಥ. ಹೊಸ ಜೊತೆ ಸಿಕ್ಕ ಕೂಡಲೇ ಒಗೆದೇ ಹಾಕಿಕೊಳ್ಳಿ. ಮೈ ತುರಿಸಿದರೆ ಸಹಿಸಿಕೊಂಡು ಕೂರಬೇಡಿ, ಬರೆದು ದೂರು ಕೊಡಿ.

ದಿನನಿತ್ಯದ ಗೌರವದ ವಿಷಯಕ್ಕೆ ಬರೋಣ, ನಿಮ್ಮ ಮನಸ್ಸಿನಲ್ಲಿ ಅದೂ ಇದೆ. ಹತ್ತುವಾಗಿನ ಮೊದಲ ಎರಡು ನಿಮಿಷ ಬಟ್ಟೆ ನಿಮ್ಮ ಪರವಾಗಿ ಮಾತಾಡುತ್ತದೆ. ಬ್ಲೇಜರ್ ಇದ್ದರೆ ಆ ಎರಡು ನಿಮಿಷ ಸುಲಭ, ನಿಜ. ಆಮೇಲೆ ನಿಮ್ಮ ದನಿ, ಕಣ್ಣು, ಹೇಳುವ ರೀತಿ ಮುಖ್ಯ. ಹೆಚ್ಚಿನ ಫಾರ್ಮಲ್ ಕಂಪನಿಗಳಲ್ಲೂ ಒಳಗೆ ನಡೆಯುವುದು ನೋಡಿ. ಹತ್ತಿಸುವಾಗ ಜಾಕೆಟ್, ಹಾರಿದ ಮೇಲೆ ಜಾಕೆಟ್ ಕಳಚಿ ವೇಸ್ಟ್‌ಕೋಟ್ ಇಲ್ಲವೇ ಏಪ್ರನ್, ಇಳಿಯುವ ಮುಂಚೆ ಮತ್ತೆ ಜಾಕೆಟ್. ಅಂದರೆ ಅವರೂ ಅರ್ಧ ದಿನ ಕ್ಯಾಶುವಲ್ಲೇ. ಈ ಪದರಗಳ ಪದ್ಧತಿ ನನಗೆ ತುಂಬಾ ಇಷ್ಟ. ಒಂದೇ ದಿನ ಹಿಮದ ಊರಿಂದ ಸೆಕೆಯ ಊರಿಗೆ ಹೋಗುವವರಿಗೆ ಬರೀ ಟಿ-ಶರ್ಟ್ ಸಾಲುವುದಿಲ್ಲ. ಗಂಡಸರಿಗೆ ಟೈ ಇದ್ದರೆ ಗಂಟು ಹಾಕುವುದು ಬೇಡ, ಕ್ಲಿಪ್ ಟೈ ಇರಲಿ. ಸ್ಕಾರ್ಫ್‌ಗೂ ಪ್ರೆಸ್ ಬಟನ್ ಇರಲಿ. ಯಾರಾದರೂ ಹಿಡಿದೆಳೆದರೆ ಅದು ಕೈಗೆ ಬರಬೇಕು, ಕುತ್ತಿಗೆ ಬಿಗಿಯಬಾರದು.

ಇನ್ನು ನಿಮ್ಮ ಆಯ್ಕೆ. ಎರಡೂ ಕಂಪನಿಯಲ್ಲಿ ಅಳತೆಗೆ ಕರೆದಾಗ ಕನ್ನಡಿ ಮುಂದೆ ನಿಂತು ಬಂದುಬಿಡಬೇಡಿ. ಎರಡೂ ಕೈ ಪೂರ್ತಿ ಮೇಲೆತ್ತಿ, ಲಗೇಜ್ ಬಿನ್ ಮುಚ್ಚುವ ಹಾಗೆ. ಶರ್ಟ್ ಸೊಂಟದಿಂದ ಹೊರಬಂತಾ, ಬ್ಲೇಜರಿನ ಕಂಕುಳು ಹಿಡಿಯಿತಾ? ಟ್ರಾಲಿಯ ಕೆಳಗಿನ ಡ್ರಾಯರ್ ಎಳೆಯುವ ಹಾಗೆ ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಏಳಿ. ಗೋಡೆಗೆ ಒರಗಿ ಜಂಪ್ ಸೀಟಿನಲ್ಲಿ (ಬಾಗಿಲ ಹತ್ತಿರ ಕ್ರೂ ಕೂರುವ ಮಡಚುವ ಸೀಟು) ಕೂತ ಹಾಗೆ ಕೂತು, ಎರಡೂ ಭುಜದ ಮೇಲೆ ಬೆಲ್ಟ್ ಬರುವ ಜಾಗ ಮುಟ್ಟಿ ನೋಡಿ. ಅಲ್ಲಿ ಬ್ಯಾಡ್ಜ್, ಬ್ರೂಚ್ ಇದ್ದರೆ ಚುಚ್ಚುತ್ತದೆ. ಕೊನೆಗೆ ಒಂದು ಕಾಲು ಬಾಗಿಲ ಹೊಸ್ತಿಲಲ್ಲಿಟ್ಟು ಇನ್ನೊಂದನ್ನು ದೂರ ಚಾಚಿ, ಮೈಭಾರವೆಲ್ಲ ಹಾಕಿ ಹ್ಯಾಂಡಲ್ ತಳ್ಳುವ ಹಾಗೆ ಮಾಡಿ. ಅಳತೆ ತೆಗೆಯುವವರು ಬೆರಗಾಗಿ ನೋಡಬಹುದು. ನೋಡಲಿ.

ಆಮೇಲೆ ಕಂಪನಿಯನ್ನು ಮೂರು ಪ್ರಶ್ನೆ ಕೇಳಿ. ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಕಾಲಲ್ಲಿ ಯಾವ ಶೂ? ಪ್ಯಾಂಟ್ ಆಯ್ಕೆ ಎಲ್ಲರಿಗೂ ಇದೆಯಾ? ತುರ್ತು ಅಭ್ಯಾಸವನ್ನು ಟ್ರ್ಯಾಕ್ ಸೂಟಿನಲ್ಲಿ ಮಾಡಿಸುತ್ತೀರಾ, ಯೂನಿಫಾರಂನಲ್ಲೇ ಮಾಡಿಸುತ್ತೀರಾ? ಮೂರನೆಯದಕ್ಕೆ ‘ಯೂನಿಫಾರಂನಲ್ಲೇ’ ಅಂತ ಥಟ್ಟನೆ ಹೇಳುವವರು ಬಟ್ಟೆಯ ಬಗ್ಗೆ ಯೋಚನೆ ಮಾಡಿದ್ದಾರೆ. ಬ್ಲೇಜರ್ ಕಂಪನಿ ಚಪ್ಪಟೆ ಶೂ ಮತ್ತು ಪ್ಯಾಂಟ್ ಕೊಡುತ್ತದೆ ಅಂತಾದರೆ ನಾನು ಅಲ್ಲಿಗೇ ಹೋಗಿ ಅನ್ನುತ್ತೇನೆ. ಕೊಡುವುದಿಲ್ಲ ಅಂತಾದರೆ ಟಿ-ಶರ್ಟ್ ಕಂಪನಿಗೆ ಸೇರಿ, ಅದರ ಬಣ್ಣ ಪ್ರಯಾಣಿಕರ ನಡುವೆ ಎದ್ದು ಕಾಣುವಂಥದ್ದಾಗಿದ್ದರೆ ಸಾಕು. ಎಲ್ಲಿಗೇ ಸೇರಿದರೂ ಅರ್ಧ ಸೈಜ್ ದೊಡ್ಡ ಶೂ ಇನ್ನೊಂದು ಜೊತೆ ತೆಗೆದಿಟ್ಟುಕೊಳ್ಳಿ. ರಾತ್ರಿಯ ದೂರದ ವಿಮಾನದಲ್ಲಿ ಪಾದ ಊದಿಕೊಂಡಾಗ ಅದು ಬೇಕಾಗುತ್ತದೆ.